ಬೆರಳಿಗೊಪ್ಪುವ ಗುಂಡಿ

ಮನುಷ್ಯನು ಬಳಸುವ ಉಪಕರಣಗಳಲ್ಲಿ ಎಷ್ಟೋ ಉಪಕರಣಗಳು ಬಲಗೈಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡಿವೆ. ದರ್ಜಿಯ ಕತ್ತರಿ ಇದಕ್ಕೆ ಒಳ್ಳೆಯ ನಿದರ್ಶನ. ಬಲಗೈಯಲ್ಲಿ ಹಿಡಿದಾಗ ಬೆರಳುಗಳ ಒತ್ತಡದಿಂದ ಅದರ ಎರಡು ಅಲಗುಗಳು ಒಂದಕ್ಕೊಂದು ಬಿಗಿಯಾಗಿ ತಾಗಿಕೊಂಡು ಬಟ್ಟೆಯನ್ನು ಚೊಕ್ಕಟವಾಗಿ ಕತ್ತರಿಸುತ್ತವೆ. ಅದೇ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಅದೇ ಒತ್ತಡವು ಅಲಗುಗಳನ್ನು ಪರಸ್ಪರ ದೂರ ತಳ್ಳುತ್ತದೆ. ಬಟ್ಟೆ ತುಂಡಾಗುವ ಬದಲು ಅಲಗುಗಳ ನಡುವೆ ಮಡಿಚಿಕೊಳ್ಳುತ್ತದೆ. ಎಡಚನಿಗೆ ಈ ಕತ್ತರಿಯಿಂದ ಸುಖವಿಲ್ಲ. ಅವನಿಗಾಗಿ ಅಲಗುಗಳನ್ನು ತಿರುವುಮುರುವಾಗಿ ಜೋಡಿಸಿದ ಬೇರೊಂದು ಕತ್ತರಿಯನ್ನೇ ಮಾಡಿಸಬೇಕು. ಇಲ್ಲವೇ ಅವನು ತನ್ನ ಕೈಯನ್ನೇ ಬದಲಿಸಿಕೊಳ್ಳಬೇಕು. ಲೋಕದ ರೂಢಿಯಲ್ಲಿ ಸಾಮಾನ್ಯವಾಗಿ ನಡೆದುಬಂದಿರುವುದು ಎರಡನೆಯ ಮಾರ್ಗವೇ.

ಗಣಕಯಂತ್ರದ ಮುಂದೆ ಕುಳಿತವನ ಕೈಗೆ ಬರುವ ಮೌಸ್ ಎಂಬ ಸಣ್ಣ ಉಪಕರಣವೂ ಮೇಲುನೋಟಕ್ಕೆ ಕತ್ತರಿಯಂತೆಯೇ ಬಲಗೈಯ ಪಕ್ಷಪಾತಿಯಾಗಿ ಕಾಣುತ್ತದೆ. ಅದರ ಮುಂಭಾಗದಲ್ಲಿ ಎಡಕ್ಕೊಂದು, ಬಲಕ್ಕೊಂದು ಗುಂಡಿಗಳಿರುತ್ತವೆ. ಬಲಗೈಯನ್ನು ಅದರ ಮೇಲಿಟ್ಟಾಗ ತೋರುಬೆರಳು ಎಡಗುಂಡಿಯ ಮೇಲೆಯೂ ಮಧ್ಯದ ಬೆರಳು ಬಲಗುಂಡಿಯ ಮೇಲೆಯೂ ಸಹಜವಾಗಿ ಕೂರುತ್ತವೆ. ಕಡತವನ್ನು ಆರಿಸುವುದು, ತೆರೆಯುವುದು, ಎಳೆದು ಬೇರೆಡೆಗೆ ಸರಿಸುವುದು ಮೊದಲಾಗಿ ದಿನವೆಲ್ಲ ನಡೆಯುವ ಕೆಲಸಗಳನ್ನು ಎಡಗುಂಡಿಗೆ ವಹಿಸಲಾಗಿದೆ. ಆಗೊಮ್ಮೆ ಈಗೊಮ್ಮೆ ಬೇಕಾಗುವ ಆಯ್ಕೆಪಟ್ಟಿಯನ್ನು ತೆರೆಯುವ ಕೆಲಸ ಬಲಗುಂಡಿಯದು. ತೋರುಬೆರಳು ಚುರುಕಾದುದು, ಸೂಕ್ಷ್ಮ ಕೆಲಸಕ್ಕೆ ಪಳಗಿದುದು. ಆದುದರಿಂದ ಹೆಚ್ಚಿನ ಕೆಲಸವು ಅದರ ಪಾಲಿಗೆ ಬಂದಿರುವುದು ನ್ಯಾಯವೇ ಸರಿ. ಆದರೆ ಎಡಗೈ ಬಳಸುವ ವಿದ್ಯಾರ್ಥಿನಿಯೊಬ್ಬಳು ಮೌಸನ್ನು ಕೀಲಿಮಣೆಯ ಎಡಬದಿಗೆ ಇಟ್ಟುಕೊಂಡರೆ, ಅವಳ ತೋರುಬೆರಳು ಬೀಳುವುದು ಬಲಗುಂಡಿಯ ಮೇಲೆ. ದುಡಿಯಬೇಕಾದ ಬೆರಳು ಸುಮ್ಮನಿದ್ದು, ಪಕ್ಕದ ಬೆರಳು ಅದರ ಹೊರೆಯನ್ನು ಹೊರಬೇಕಾಗುತ್ತದೆ. ಪ್ರಪಂಚದ ಜನರಲ್ಲಿ ಹೆಚ್ಚುಕಡಿಮೆ ಹತ್ತರಲ್ಲೊಬ್ಬರು ಎಡಚರು. ಅಷ್ಟು ಜನರಿಗಾಗಿ ಬೇರೆ ಮೌಸುಗಳನ್ನೇ ತಯಾರಿಸಬೇಕೆ? ಅಥವಾ ಕತ್ತರಿಯ ವಿಷಯದಲ್ಲಿ ಆದಂತೆ ಅವರೇ ತಮ್ಮ ಕೈಯನ್ನು ತಿದ್ದಿಕೊಳ್ಳಬೇಕೆ? ಎರಡೂ ಬೇಕಾಗಿಲ್ಲ. ಏಕೆ ಬೇಕಾಗಿಲ್ಲ ಎಂಬುದನ್ನು ತಿಳಿಯಬೇಕಾದರೆ ಮೌಸಿನ ಹುಟ್ಟನ್ನೂ ಅದರೊಳಗಿನ ವ್ಯವಹಾರವನ್ನೂ ಅರಿಯಬೇಕು.

೧೯೬೪ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿದ್ದ ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆಯಲ್ಲಿ ಮೊದಲ ಮೌಸ್ ಸಿದ್ಧವಾಯಿತು. ಅದರ ಕಲ್ಪನೆ ಡಗ್ಲಸ್ ಎಂಗೆಲ್ಬಾರ್ಟ್ ಎಂಬ ವಿಜ್ಞಾನಿಯದು. ಅದನ್ನು ಕೈಯಾರೆ ನಿರ್ಮಿಸಿದವನು ಅವನ ಸಹೋದ್ಯೋಗಿ ಬಿಲ್ ಇಂಗ್ಲಿಷ್. ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡದಾದ ಒಂದು ಮರದ ದಿಮ್ಮಿ, ಅದರ ತಳದಲ್ಲಿ ಒಂದಕ್ಕೊಂದು ಲಂಬವಾಗಿ ಕೂಡಿಸಿದ ಎರಡು ಲೋಹದ ಚಕ್ರಗಳು, ನೆತ್ತಿಯಲ್ಲಿ ಒಂದೇ ಒಂದು ಗುಂಡಿ—ಇಷ್ಟೇ ಅದರ ಸ್ವರೂಪ. ಅದರಿಂದ ಹೊರಟ ತಂತಿಯು ಬಾಲದಂತೆ ಕಾಣುತ್ತಿದ್ದುದರಿಂದ ಅದಕ್ಕೆ ಇಲಿ ಎಂಬರ್ಥದ ಮೌಸ್ ಎಂಬ ಹೆಸರು ಅಂಟಿಕೊಂಡಿತು. ೧೯೬೮ನೆಯ ಇಸವಿ ಡಿಸೆಂಬರ್ ೯ರಂದು ಸ್ಯಾನ್‌ಫ್ರಾನ್ಸಿಸ್ಕೊ ನಗರದಲ್ಲಿ ನಡೆದ ಸಮ್ಮೇಳನವೊಂದರಲ್ಲಿ ಎಂಗೆಲ್ಬಾರ್ಟನು ಇದರ ಬಳಕೆಯನ್ನು ಬಹಿರಂಗವಾಗಿ ತೋರಿಸಿದನು. ಆ ವೇಳೆಗೆ ಗುಂಡಿಗಳ ಸಂಖ್ಯೆ ಮೂರಕ್ಕೆ ಏರಿತ್ತು. ಬಲಗೈಯಲ್ಲಿ ಮೌಸ್, ಎಡಗೈಯಲ್ಲಿ ಐದು ಪಟ್ಟಿಗಳ ಮತ್ತೊಂದು ಕೀಲಿಸಾಧನ—ಹೀಗೆ ಎರಡೂ ಕೈಗಳಿಗೆ ಕೆಲಸ ಕೊಡುವ ಏರ್ಪಾಡನ್ನು ಅವನು ಮಾಡಿಕೊಂಡಿದ್ದನು.

ಮೌಸಿಗೆ ಎಷ್ಟು ಗುಂಡಿಗಳಿರಬೇಕೆಂಬ ಪ್ರಶ್ನೆಗೆ ಮುಂದೆ ಬಹುಕಾಲದವರೆಗೆ ಒಂದೇ ಉತ್ತರ ದೊರೆಯಲಿಲ್ಲ. ಜೆರಾಕ್ಸ್ ಸಂಸ್ಥೆಯ ಸಂಶೋಧನ ಕೇಂದ್ರದಲ್ಲಿ ೧೯೭೩ರಲ್ಲಿ ರೂಪುಗೊಂಡ ಆಲ್ಟೊ ಎಂಬ ಗಣಕಕ್ಕೆ ಮೂರು ಗುಂಡಿಗಳ ಮೌಸಿತ್ತು. ಅದೇ ಸಂಸ್ಥೆಯು ೧೯೮೧ರಲ್ಲಿ ಹೊರತಂದ ಸ್ಟಾರ್ ಎಂಬ ಗಣಕದಲ್ಲಿ ಅವು ಎರಡಾದವು. ಹೊಸಬರಿಗೆ ಗೊಂದಲವಾಗಬಾರದೆಂದು ಆ್ಯಪಲ್ ಸಂಸ್ಥೆಯು ೧೯೮೩ರ ಲೀಸಾ ಮತ್ತು ೧೯೮೪ರ ಮ್ಯಾಕಿಂಟಾಷ್ ಗಣಕಗಳಲ್ಲಿ ಒಂದೇ ಗುಂಡಿಯನ್ನು ಇರಿಸಿತು. ಮೈಕ್ರೋಸಾಫ್ಟ್ ಸಂಸ್ಥೆಯು ೧೯೮೩ರಲ್ಲಿ ಮಾರಾಟಕ್ಕೆ ತಂದ ಮೌಸಿನಲ್ಲಿ ಎರಡು ಗುಂಡಿಗಳಿದ್ದುವು. ಅದೇ ಸಂಸ್ಥೆಯ ೧೯೯೬ರ ಮೌಸೊಂದು ಎರಡು ಗುಂಡಿಗಳ ನಡುವೆ ಬೆರಳಿನಿಂದ ಉರುಳಿಸುವ ಚಕ್ರವನ್ನು ಜನಪ್ರಿಯಗೊಳಿಸಿತು. ಈ ಚರಿತ್ರೆಯಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಗುಂಡಿಗಳ ಸಂಖ್ಯೆಯಾಗಲಿ ಅವುಗಳ ಕೆಲಸವಾಗಲಿ ಪ್ರಕೃತಿನಿಯಮವಲ್ಲ. ಅವು ಮನುಷ್ಯರು ಕೂಡಿ ಮಾಡಿಕೊಂಡ ಏರ್ಪಾಡುಗಳು. ಮನುಷ್ಯರು ಮಾಡಿದ ಏರ್ಪಾಡನ್ನು ಮನುಷ್ಯರು ಬದಲಾಯಿಸಲೂ ಬಲ್ಲರು.

ಈ ಬದಲಾವಣೆ ಎಲ್ಲಿ, ಹೇಗೆ ನಡೆಯುತ್ತದೆಂಬುದು ಮುಂದಿನ ವಿಚಾರ. ಗುಂಡಿಯನ್ನು ಒತ್ತಿದೊಡನೆ ಕಡತ ತೆರೆದುಕೊಳ್ಳುವುದನ್ನು ಕಂಡವರಿಗೆ, ಗುಂಡಿಯೇ ಕಡತವನ್ನು ತೆರೆಯಿತೆಂಬ ಭಾವನೆ ಬರುವುದು ಸಹಜ. ವಾಸ್ತವದಲ್ಲಿ ಗುಂಡಿಗೆ ಕಡತವೂ ಗೊತ್ತಿಲ್ಲ, ಪರದೆಯೂ ಗೊತ್ತಿಲ್ಲ. ಗುಂಡಿಯ ಕೆಳಗೆ ಒಂದು ಸಣ್ಣ ವಿದ್ಯುತ್ ಸ್ವಿಚ್ಚು ಇರುತ್ತದೆ. ಬೆರಳು ಒತ್ತಿದಾಗ ಅದರೊಳಗಿನ ತೆಳುವಾದ ಲೋಹದ ಪಟ್ಟಿ ಬಾಗಿ ಮತ್ತೊಂದು ಲೋಹದ ಬಿಂದುವನ್ನು ಮುಟ್ಟುತ್ತದೆ. ಆಗ ಕೇಳಿಸುವ ‘ಟಿಕ್’ ಎಂಬ ಸದ್ದು ಆ ಪಟ್ಟಿಯದೇ. ಮೌಸಿನೊಳಗಿರುವ ಪುಟ್ಟ ವಿದ್ಯುನ್ಮಾನ ಮಂಡಲವು ಈ ಸ್ಪರ್ಶವನ್ನು ಗಮನಿಸಿ ಗಣಕಕ್ಕೆ ಒಂದು ಕಿರುಸಂದೇಶವನ್ನು ಕಳುಹಿಸುತ್ತದೆ. ಯುಎಸ್‌ಬಿ ತಂತಿಯ ಮೌಸಿನ ಅತ್ಯಂತ ಸರಳವಾದ ಸಂದೇಶದಲ್ಲಿ ಮೂರು ಅಂಕೆಗಳು ಸಾಕು. ಯಾವ ಯಾವ ಗುಂಡಿ ಒತ್ತಲ್ಪಟ್ಟಿದೆ ಎಂಬುದನ್ನು ಮೊದಲನೆಯದು ಹೇಳುತ್ತದೆ. ಮೌಸ್ ಅಡ್ಡಡ್ಡಲಾಗಿ ಎಷ್ಟು ಸರಿಯಿತೆಂಬುದನ್ನು ಎರಡನೆಯದೂ, ಹಿಂದುಮುಂದಾಗಿ ಎಷ್ಟು ಸರಿಯಿತೆಂಬುದನ್ನು ಮೂರನೆಯದೂ ತಿಳಿಸುತ್ತವೆ. ಸಾಮಾನ್ಯ ಮೌಸೊಂದನ್ನು ಗಣಕವು ಸೆಕೆಂಡಿಗೆ ಸುಮಾರು ೧೨೫ ಸಲ ವಿಚಾರಿಸಿಕೊಳ್ಳುತ್ತದೆ. ‘ಮೊದಲನೆಯ ಗುಂಡಿ ಒತ್ತಿದೆ’, ‘ಮೊದಲನೆಯ ಗುಂಡಿ ಬಿಟ್ಟಿದೆ’ ಎಂಬಿಷ್ಟೇ ಮೌಸಿನ ಮಾತು. ಇದಕ್ಕೆ ಮೇಲಾಗಿ ಅದಕ್ಕೇನೂ ತಿಳಿಯದು.

ಈ ಮಾತಿಗೆ ಅರ್ಥ ಹಚ್ಚುವ ಕೆಲಸ ಗಣಕದಲ್ಲಿರುವ ಆಪರೇಟಿಂಗ್ ಸಿಸ್ಟಂ, ಅಂದರೆ ಕಾರ್ಯಾಚರಣ ವ್ಯವಸ್ಥೆಯದು. ಗಣಕದ ಸಮಸ್ತ ಅಂಗಗಳನ್ನೂ ನಡೆಸುವ ಮೂಲ ತಂತ್ರಾಂಶವೇ ಈ ವ್ಯವಸ್ಥೆ. ಇದರ ಕಾರ್ಯವನ್ನು ಶಾಲೆಯ ಗಂಟೆಯ ದೃಷ್ಟಾಂತದಿಂದ ಅರಿಯಬಹುದು. ಗಂಟೆಗೆ ಗೊತ್ತಿರುವುದು ನಾದವೊಂದೇ. ಒಂದು ಬಡಿತಕ್ಕೆ ಅವಧಿ ಮುಗಿಯಿತೆಂದೂ, ಬಿಡದೆ ಬಾರಿಸಿದರೆ ಶಾಲೆ ಬಿಟ್ಟಿತೆಂದೂ ಅರ್ಥವಾಗುವುದು ಗಂಟೆಯ ಗುಣದಿಂದಲ್ಲ, ಶಾಲೆಯು ಮಾಡಿಕೊಂಡ ನಿಯಮದಿಂದ. ಮುಖ್ಯೋಪಾಧ್ಯಾಯರು ನಿಯಮವನ್ನು ಬದಲಿಸಿದರೆ ಗಂಟೆಯನ್ನು ಕರಗಿಸಿ ಮತ್ತೆ ಎರಕ ಹೊಯ್ಯಬೇಕಾಗಿಲ್ಲ. ಅದೇ ಗಂಟೆ, ಅದೇ ನಾದ. ಅರ್ಥ ಮಾತ್ರ ಬೇರೆ. ಹಾಗೆಯೇ ಕಾರ್ಯಾಚರಣ ವ್ಯವಸ್ಥೆಯಲ್ಲಿ ‘ಇಂಥ ಗುಂಡಿಗೆ ಇಂಥ ಕೆಲಸ’ ಎಂಬ ಒಂದು ಪಟ್ಟಿ ಇರುತ್ತದೆ. ಪಟ್ಟಿಯನ್ನು ತಿದ್ದಿದರೆ ಗುಂಡಿಯ ಅರ್ಥ ಬದಲಾಗುತ್ತದೆ. ಕತ್ತರಿಗೂ ಮೌಸಿಗೂ ಇರುವ ಮುಖ್ಯವಾದ ಅಂತರ ಇದೇ. ಕತ್ತರಿಯಲ್ಲಿ ಕೈಗೂ ಕೆಲಸಕ್ಕೂ ನಡುವೆ ಇರುವುದು ಉಕ್ಕು. ಮೌಸಿನಲ್ಲಿ ಕೈಗೂ ಕೆಲಸಕ್ಕೂ ನಡುವೆ ಇರುವುದು ಒಂದು ಒಪ್ಪಂದ.

ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ೧೯೮೪ರಲ್ಲಿ ಆರಂಭವಾದ ‘ಎಕ್ಸ್’ ಎಂಬ ಚಿತ್ರಪರದೆಯ ವ್ಯವಸ್ಥೆಯಲ್ಲಿ ಈ ಪಟ್ಟಿಯನ್ನು ಕಣ್ಣಾರೆ ಕಾಣಬಹುದು. ಅದರಲ್ಲಿ ಎಡಗುಂಡಿಗೆ ೧, ನಡುಗುಂಡಿಗೆ ೨, ಬಲಗುಂಡಿಗೆ ೩ ಎಂಬ ಸಂಖ್ಯೆಗಳಿವೆ. ರೂಢಿಯ ಜೋಡಣೆಯನ್ನು ‘೧ ೨ ೩’ ಎಂದು ಬರೆಯಲಾಗುತ್ತದೆ. ಇದನ್ನು ‘೩ ೨ ೧’ ಎಂದು ತಿದ್ದಿದರೆ ಎಡಗುಂಡಿಯು ಬಲಗುಂಡಿಯ ಕೆಲಸವನ್ನೂ, ಬಲಗುಂಡಿಯು ಎಡಗುಂಡಿಯ ಕೆಲಸವನ್ನೂ ಮಾಡತೊಡಗುತ್ತವೆ. ನಡುಗುಂಡಿ ತನ್ನ ಸ್ಥಾನದಲ್ಲಿಯೇ ಉಳಿಯುತ್ತದೆ. ಮೂರು ಅಂಕೆಗಳ ಸ್ಥಾನಪಲ್ಲಟದಿಂದ ಬಲಗೈಯ ಉಪಕರಣವು ಎಡಗೈಯ ಉಪಕರಣವಾಗಿ ಮಾರ್ಪಡುತ್ತದೆ. ಲಿನಕ್ಸ್ ಬಳಸುವ ಅನೇಕ ಹೊಸ ಗಣಕಗಳಲ್ಲಿ ಎಕ್ಸ್‌ನ ಸ್ಥಾನಕ್ಕೆ ವೇಲ್ಯಾಂಡ್ ಎಂಬ ಬೇರೊಂದು ಏರ್ಪಾಡು ಬಂದಿದೆ. ತಿದ್ದುವ ರೀತಿ ಅಲ್ಲಿ ಬೇರೆಯಾದರೂ ತತ್ತ್ವ ಒಂದೇ.

ಸಾಮಾನ್ಯ ಬಳಕೆದಾರನು ಅಂಕೆಗಳನ್ನು ಬರೆಯುವ ಶ್ರಮವನ್ನೂ ಪಡಬೇಕಾಗಿಲ್ಲ. ವಿಂಡೋಸ್ ೧೧ ವ್ಯವಸ್ಥೆಯಲ್ಲಿ ‘ಸೆಟ್ಟಿಂಗ್ಸ್’ ಎಂಬ ಭಾಗವನ್ನು ತೆರೆದು, ಅದರಲ್ಲಿ ಸಾಧನಗಳ ವಿಭಾಗಕ್ಕೆ ಹೋಗಿ, ‘ಮೌಸ್’ ಎಂಬುದನ್ನು ಆರಿಸಿದರೆ, ಮುಖ್ಯ ಗುಂಡಿ ಎಡದ್ದೋ ಬಲದ್ದೋ ಎಂದು ಕೇಳುವ ಒಂದು ಸಾಲು ಕಾಣುತ್ತದೆ. ಗ್ನೋಮ್ ಪರದೆಯುಳ್ಳ ಲಿನಕ್ಸ್ ಗಣಕಗಳಲ್ಲಿಯೂ ಇಂಥದೇ ಸಾಲು ಇದೆ. ಒಂದೇ ಗುಂಡಿಯ ಪಕ್ಷವನ್ನು ಬಹುಕಾಲ ಹಿಡಿದಿದ್ದ ಆ್ಯಪಲ್ ಸಂಸ್ಥೆಯೂ ೨೦೦೫ರಲ್ಲಿ ಹಲವು ಗುಂಡಿಗಳ ಕೆಲಸ ಮಾಡಬಲ್ಲ ಮೌಸನ್ನು ತಂದಿತು. ಅದರ ಇಂದಿನ ಗಣಕಗಳಲ್ಲಿ ಎರಡನೆಯ ಒತ್ತು ಮೌಸಿನ ಯಾವ ಬದಿಯಲ್ಲಿರಬೇಕೆಂಬುದನ್ನು ಬಳಕೆದಾರನೇ ನಿರ್ಧರಿಸಬಹುದು. ಇಲ್ಲಿ ಒಂದು ಸ್ವಾರಸ್ಯವೂ ಉಂಟು. ವಿಂಡೋಸ್‌ನಲ್ಲಿ ಗುಂಡಿಗಳನ್ನು ಅದಲುಬದಲು ಮಾಡಿದ ಕ್ಷಣವೇ ಹೊಸ ನಿಯಮ ಜಾರಿಗೆ ಬರುತ್ತದೆ. ಆದುದರಿಂದ ಮಾಡಿದ್ದನ್ನು ರದ್ದುಪಡಿಸಲು ಹೊರಟವನು ಎಡಗುಂಡಿಯನ್ನು ಎಷ್ಟು ಒತ್ತಿದರೂ ಪ್ರಯೋಜನವಿಲ್ಲ. ಆಗ ಬಲಗುಂಡಿಯೇ ಮುಖ್ಯ ಗುಂಡಿ. ಇದನ್ನರಿಯದವನು ಯಂತ್ರವೇ ಕೆಟ್ಟಿತೆಂದು ಗಾಬರಿಯಾಗುವುದುಂಟು. ಈ ಕಾರಣದಿಂದಲೇ ತಿಳಿದವರು ‘ಎಡಗುಂಡಿ’, ‘ಬಲಗುಂಡಿ’ ಎನ್ನುವುದಕ್ಕಿಂತ ‘ಮುಖ್ಯ ಗುಂಡಿ’, ‘ಎರಡನೆಯ ಗುಂಡಿ’ ಎನ್ನುವುದನ್ನು ಮೆಚ್ಚುತ್ತಾರೆ. ಮೊದಲಿನ ಹೆಸರುಗಳು ಸ್ಥಾನವನ್ನು ಹೇಳುತ್ತವೆ. ಎರಡನೆಯವು ಕರ್ತವ್ಯವನ್ನು ಹೇಳುತ್ತವೆ.

ಗುಂಡಿಗಳ ಸ್ಥಾನದಂತೆ ಒತ್ತುವ ವೇಗವನ್ನೂ ಹೊಂದಿಸಿಕೊಳ್ಳಬಹುದು. ಒಂದೇ ಜಾಗದಲ್ಲಿ ಎರಡು ಸಲ ಬೇಗಬೇಗನೆ ಒತ್ತಿದರೆ ಕಡತ ತೆರೆಯುತ್ತದೆ. ಈ ‘ಬೇಗ’ ಎಂಬುದಕ್ಕೂ ಒಂದು ಅಳತೆ ಇದೆ. ವಿಂಡೋಸ್ ವ್ಯವಸ್ಥೆಯಲ್ಲಿ ಬೇರೆ ಆಜ್ಞೆ ಇಲ್ಲದಿದ್ದರೆ ಅದು ೫೦೦ ಮಿಲಿಸೆಕೆಂಡು, ಎಂದರೆ ಅರ್ಧ ಸೆಕೆಂಡು. ಎರಡು ಒತ್ತುಗಳ ನಡುವಿನ ಕಾಲ ಇದಕ್ಕಿಂತ ಹೆಚ್ಚಾದರೆ ವ್ಯವಸ್ಥೆಯು ಅವನ್ನು ಬೇರೆ ಬೇರೆಯಾದ ಎರಡು ಒಂಟಿ ಒತ್ತುಗಳೆಂದು ಎಣಿಸುತ್ತದೆ, ಕಡತ ತೆರೆಯುವುದಿಲ್ಲ. ಎಳೆಯರಿಗೂ ವೃದ್ಧರಿಗೂ, ಸಂಧಿವಾತದಿಂದ ಬೆರಳು ಬಿಗಿದವರಿಗೂ ಈ ಅರ್ಧ ಸೆಕೆಂಡು ಸಾಲದೆ ಹೋಗಬಹುದು. ಎಷ್ಟು ಒತ್ತಿದರೂ ಏನೂ ಆಗದಿರುವುದನ್ನು ಕಂಡು, ಗಣಕವಿದ್ಯೆ ತಮ್ಮ ವಯಸ್ಸಿಗೆ ಒಗ್ಗದೆಂದು ಅವರು ಕೈಬಿಟ್ಟರೆ ಅದು ಸಲ್ಲದ ನಷ್ಟ. ಮೌಸಿನ ಹೊಂದಾಣಿಕೆಗಳಲ್ಲಿರುವ ವೇಗದ ಗುರುತನ್ನು ನಿಧಾನದ ಕಡೆಗೆ ಸ್ವಲ್ಪ ಸರಿಸಿದರೆ ಅದೇ ಬೆರಳಿಗೆ ಅದೇ ಕಡತ ತೆರೆದುಕೊಳ್ಳುತ್ತದೆ. ಗುಂಡಿಯನ್ನು ಒತ್ತಿಹಿಡಿದು ಎಳೆಯಲು ಶಕ್ತಿ ಸಾಲದವರಿಗಾಗಿ, ಒಮ್ಮೆ ಕೊಂಚ ಹೊತ್ತು ಒತ್ತಿ ಬಿಟ್ಟರೆ ಒತ್ತಿಹಿಡಿದಂತೆಯೇ ಭಾವಿಸುವ ಏರ್ಪಾಡೂ ವಿಂಡೋಸ್‌ನಲ್ಲಿದೆ. ಮೌಸನ್ನು ಹಿಡಿಯಲಾರದವರು ಕೀಲಿಮಣೆಯ ಬಲಬದಿಯ ಅಂಕೆಗಳಿಂದಲೇ ಪರದೆಯ ಬಾಣವನ್ನು ನಡೆಸಬಹುದು. ಅಲ್ಲಿ ಐದರ ಕೀಲಿಯೇ ಗುಂಡಿಯ ಕೆಲಸ ಮಾಡುತ್ತದೆ.

ಆದರೆ ಎಲ್ಲ ದೋಷಗಳೂ ಹೊಂದಾಣಿಕೆಯಿಂದ ನಿವಾರಣೆಯಾಗುವುದಿಲ್ಲ. ಮೌಸಿನ ತೊಂದರೆಗೆ ಮೂರು ನೆಲೆಗಳಿವೆ: ಗುಂಡಿಯ ಕೆಳಗಿನ ಸ್ವಿಚ್ಚು, ಸಂದೇಶ ಸಾಗುವ ಮಾರ್ಗ, ಸಂದೇಶಕ್ಕೆ ಅರ್ಥ ಹಚ್ಚುವ ವ್ಯವಸ್ಥೆ. ದೋಷ ಯಾವ ನೆಲೆಯಲ್ಲಿದೆ ಎಂದು ಅರಿಯದೆ ಮದ್ದು ಮಾಡುವುದು ವ್ಯರ್ಥ. ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದಂತಾಗಿ ಕಡತಗಳು ತಾವಾಗಿ ತೆರೆದುಕೊಳ್ಳುವುದು ಹಳೆಯ ಮೌಸುಗಳಲ್ಲಿ ಕಾಣುವ ಒಂದು ರೋಗ. ಇದರ ಮೂಲ ಸ್ವಿಚ್ಚಿನಲ್ಲಿದೆ. ಲೋಹದ ಪಟ್ಟಿಯು ಬಿಂದುವನ್ನು ತಾಗುವಾಗ, ನೆಲಕ್ಕೆ ಬಿದ್ದ ಚೆಂಡಿನಂತೆ, ಕ್ಷಣಾಂಶದಲ್ಲಿ ಹಲವು ಬಾರಿ ಪುಟಿಯುತ್ತದೆ. ಮೌಸಿನೊಳಗಿನ ಮಂಡಲವು ಈ ಪುಟಿತಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಒಂದೇ ಒತ್ತೆಂದು ಪರಿಗಣಿಸುವಂತೆ ರಚಿತವಾಗಿರುತ್ತದೆ. ಬಹುಕಾಲದ ಬಳಕೆಯಿಂದ ಪಟ್ಟಿ ಸವೆದಾಗ ಪುಟಿತದ ಅವಧಿ ಬೆಳೆದು ಮಂಡಲದ ಎಣಿಕೆಯನ್ನು ಮೀರುತ್ತದೆ. ಆಗ ಸ್ವಿಚ್ಚನ್ನೋ ಮೌಸನ್ನೋ ಬದಲಿಸುವುದೇ ಸರಿಯಾದ ದಾರಿ.

ದೋಷದ ನೆಲೆಯನ್ನು ಕಂಡುಹಿಡಿಯುವ ಉಪಾಯ ಸರಳವಾದುದು. ಸಂದೇಹಾಸ್ಪದವಾದ ಮೌಸನ್ನು ಬೇರೊಂದು ಗಣಕಕ್ಕೆ ಜೋಡಿಸಿ ನೋಡಬೇಕು. ತೊಂದರೆಯು ಅಲ್ಲಿಗೂ ಹಿಂಬಾಲಿಸಿದರೆ ದೋಷ ಮೌಸಿನದು ಅಥವಾ ಅದರ ತಂತಿಯದು. ಅಲ್ಲಿ ಅದು ಸರಿಯಾಗಿ ನಡೆದರೆ ಮೊದಲಿನ ಗಣಕದ ಹೊಂದಾಣಿಕೆಗಳನ್ನು ಪರಿಶೀಲಿಸಬೇಕು. ಆ ಮೊದಲಿನ ಗಣಕಕ್ಕೆ ಬೇರೊಂದು ಒಳ್ಳೆಯ ಮೌಸನ್ನು ಜೋಡಿಸಿದಾಗಲೂ ಅದೇ ತೊಂದರೆ ಕಂಡರೆ ಸಂದೇಹ ಇನ್ನಷ್ಟು ದೃಢವಾಗುತ್ತದೆ. ಒಂದು ಸಲಕ್ಕೆ ಒಂದೇ ಅಂಶವನ್ನು ಬದಲಿಸಿ, ಫಲವನ್ನು ಗಮನಿಸಿ, ಬಳಿಕ ಮುಂದಿನ ಹೆಜ್ಜೆಯಿಡುವ ಈ ಕ್ರಮವು ವಿಜ್ಞಾನದ ಪ್ರಯೋಗಶಾಲೆಯ ಕ್ರಮವೇ ಆಗಿದೆ. ನಾಲ್ಕು ಹೊಂದಾಣಿಕೆಗಳನ್ನು ಒಟ್ಟಿಗೇ ತಿರುಚಿದವನಿಗೆ ಯಂತ್ರ ಸರಿಹೋದರೂ ಯಾವುದರಿಂದ ಸರಿಹೋಯಿತೆಂಬ ಜ್ಞಾನ ದೊರೆಯುವುದಿಲ್ಲ.

ಹೊಂದಾಣಿಕೆಗೆ ಮಿತಿಯೂ ಇದೆ. ಕೆಲವು ಮೌಸುಗಳ ಮೈಯನ್ನು ಬಲ ಅಂಗೈಯ ತಿರುವಿಗೆ ತಕ್ಕಂತೆಯೇ ಕಡೆದಿರುತ್ತಾರೆ. ಅವುಗಳ ಗುಂಡಿಗಳನ್ನು ಅದಲುಬದಲು ಮಾಡಬಹುದೇ ಹೊರತು ಮೈಯನ್ನು ತಿರುಗಿಸಲಾಗದು. ಅಲ್ಲಿ ಕತ್ತರಿಯ ಕಥೆಯೇ ಮರುಕಳಿಸುತ್ತದೆ. ಎರಡು ಕಡೆಯೂ ಸಮವಾಗಿರುವ ಮೌಸು ಮಾತ್ರ ಎರಡೂ ಕೈಗಳಿಗೆ ಸಮನಾಗಿ ಸಲ್ಲುತ್ತದೆ. ಶಾಲೆಗೋ ಗ್ರಂಥಾಲಯಕ್ಕೋ ಮೌಸುಗಳನ್ನು ಕೊಳ್ಳುವವರು ಈ ಒಂದು ಅಂಶವನ್ನು ಗಮನಿಸಿದರೆ, ಎಷ್ಟೋ ಮಕ್ಕಳ ಮುಂದಿನ ತೊಡಕು ಅಂಗಡಿಯಲ್ಲಿಯೇ ನಿವಾರಣೆಯಾದಂತಾಗುತ್ತದೆ. ಮೇಜಿನ ಎಡಬದಿಯಲ್ಲಿ ಮೌಸು ಸರಿದಾಡಲು ಸ್ಥಳವಿರಬೇಕು, ತಂತಿ ಅಲ್ಲಿಗೆ ಎಟಕುವಂತಿರಬೇಕು ಎಂಬುದೂ ಅಷ್ಟೇ ಅಗತ್ಯ.

ಎಡಗೈಯಲ್ಲಿ ಬರೆಯುವ ಮಕ್ಕಳನ್ನು ಗದರಿಸಿ ಬಲಗೈಗೆ ತಿರುಗಿಸುವ ರೂಢಿ ಒಂದು ಕಾಲದಲ್ಲಿ ಅನೇಕ ದೇಶಗಳ ಶಾಲೆಗಳಲ್ಲಿತ್ತು. ಕನ್ನಡ ನಾಡಿನ ಶಾಲೆಗಳೂ ಅದಕ್ಕೆ ಹೊರತಾಗಿರಲಿಲ್ಲ. ಎಡಗೈ ಒಂದು ದೋಷವೆಂದು ಹಿರಿಯರು ಭಾವಿಸಿದ್ದುದೇ ಅದಕ್ಕೆ ಕಾರಣ. ಗಣಕದ ಮುಂದೆ ಆ ಹಳೆಯ ಒತ್ತಾಯ ಮಾತಿಲ್ಲದೆ ಮರಳಿ ಬರಬಹುದು. ಯಾರೂ ಗದರಿಸುವುದಿಲ್ಲ, ಆದರೆ ಮೌಸು ಬಲಬದಿಯಲ್ಲಿರುತ್ತದೆ, ಗುಂಡಿಗಳು ಬಲಗೈಗೆ ಹೊಂದಿರುತ್ತವೆ, ಬದಲಿಸಬಹುದೆಂದು ಯಾರೂ ಹೇಳುವುದಿಲ್ಲ. ಎಡಗೈಯ ಮಗು ತಾನೇ ನಿಧಾನವೆಂದು, ತಾನೇ ಮಂದವೆಂದು ತಿಳಿದುಕೊಂಡು ಸುಮ್ಮನಾಗುತ್ತದೆ. ಎಡಚರಲ್ಲಿ ಕೆಲವರು ಬಲಗೈಯಲ್ಲಿಯೇ ಮೌಸನ್ನು ಸಲೀಸಾಗಿ ಬಳಸುವುದುಂಟು. ಬಲಗೈ ಮಣಿಕಟ್ಟು ನೊಂದಾಗ ಬಲಗೈಯವರೂ ಮೌಸನ್ನು ಎಡಕ್ಕೆ ಬದಲಿಸಿಕೊಳ್ಳುವುದುಂಟು. ಯಾವ ಕೈ ಎಂಬುದನ್ನು ಬಳಸುವವರೇ ಆರಿಸಿಕೊಳ್ಳಲಿ. ಆದರೆ ಆಯ್ಕೆ ಉಂಟೆಂಬ ತಿಳಿವಳಿಕೆ ಎಲ್ಲರಿಗೂ ಸಿಗಬೇಕು.

ಆಯ್ಕೆಯೊಂದಿಗೆ ಹೊಣೆಯೂ ಬರುತ್ತದೆ. ಪ್ರತಿಯೊಬ್ಬರೂ ತಮ್ಮ ಹೆಸರಿನಿಂದ ಪ್ರವೇಶಿಸುವ ಗಣಕಗಳಲ್ಲಿ ಒಬ್ಬರ ಹೊಂದಾಣಿಕೆ ಅವರ ಹೆಸರಿನಲ್ಲಿಯೇ ಉಳಿದು ಮತ್ತೊಬ್ಬರನ್ನು ಬಾಧಿಸುವುದಿಲ್ಲ. ಆದರೆ ಇಡೀ ತರಗತಿಯು ಒಂದೇ ಹೆಸರಿನಿಂದ ಬಳಸುವ ಗಣಕದಲ್ಲಿ, ಮೊದಲು ಕುಳಿತವಳು ಮಾಡಿದ ಬದಲಾವಣೆಯು ಅನಂತರ ಬಂದವನಿಗೆ ಒಗಟಾಗಿ ಪರಿಣಮಿಸುತ್ತದೆ. ಕೆಲಸ ಮುಗಿಸಿ ಏಳುವಾಗ ಹೊಂದಾಣಿಕೆಯನ್ನು ಮೊದಲಿನಂತೆ ಮಾಡುವುದು ಬಾವಿಯಿಂದ ನೀರು ಸೇದಿದವರು ಮುಂದಿನವರಿಗಾಗಿ ಹಗ್ಗವನ್ನು ಸುತ್ತಿಡುವಂಥ ಸೌಜನ್ಯ. ಹಾಗೆಯೇ, ಒಂದು ದಿನ ಗುಂಡಿಗಳು ತಿರುವುಮುರುವಾಗಿರುವುದು ಕಂಡುಬಂದರೆ ಯಂತ್ರವನ್ನು ಹಳಿಯುವ ಮೊದಲು, ತನ್ನ ಕೈಗಿಂತ ಬೇರೆ ಬಗೆಯ ಕೈಯೊಂದು ಇಲ್ಲಿ ದುಡಿದುಹೋಗಿದೆ ಎಂದು ನೆನೆಯುವುದು ಒಳ್ಳೆಯದು. ಅರ್ಧ ನಿಮಿಷದ ಕೆಲಸ ಅದನ್ನು ಸರಿಪಡಿಸುತ್ತದೆ. ಅದೇ ಅರ್ಧ ನಿಮಿಷ ಮತ್ತೊಬ್ಬರಿಗೆ ಕಲಿಯುವ ಬಾಗಿಲನ್ನು ತೆರೆದಿರುತ್ತದೆ.